ತುರ್ತು ಚಿಕಿತ್ಸಾ ಕೊಠಡಿಯ ಭೌತವಿಜ್ಞಾನ

ಮಂಗಳೂರಿನಿಂದ ಉತ್ತರಕ್ಕೆ ಹೊರಟು, ಫಲ್ಗುಣಿ ನದಿಯನ್ನು ಮರವೂರಿನಲ್ಲಿ ದಾಟಿ ಗುಡ್ಡ ಹತ್ತಿದರೆ ಬಜಪೆ ಸಿಗುತ್ತದೆ. ಸಮೀಪದ ಕೆಂಜಾರಿನ ಗುಡ್ಡದ ನೆತ್ತಿಯ ಮೇಲಿರುವ ವಿಮಾನ ನಿಲ್ದಾಣದಿಂದಾಗಿ ಈ ಊರಿನ ಹೆಸರು ಹೊರಗಿನವರಿಗೂ ಪರಿಚಿತ. 2010ನೆಯ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವೊಂದು ಓಡುಹಾದಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದುದನ್ನೂ, 8 ಮಂದಿ ಮಾತ್ರ ಬದುಕಿ ಉಳಿದುದನ್ನೂ ಇಲ್ಲಿಯವರು ಮರೆತಿಲ್ಲ. ‘ತುರ್ತು ಪರಿಸ್ಥಿತಿ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇಂಥ ಮಹಾದುರಂತವೇ. ಆದರೆ ಯಾವುದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಒಂದು ಸಾಮಾನ್ಯ ರಾತ್ರಿ ಕುಳಿತು ನೋಡಿದರೆ ಅಲ್ಲಿಗೆ ಬರುವವರು ಬೇರೆಯೇ: ಏದುಸಿರು ಬಿಡುತ್ತಿರುವ ಕೂಸು, ಎದೆ ಹಿಡಿದುಕೊಂಡ ಗೃಹಸ್ಥ, ವಾಂತಿಭೇದಿಯಿಂದ ಸೊರಗಿದ ಬಾಲಕ, ಮಾತು ತೊದಲುತ್ತಿರುವ ಅಜ್ಜಿ, ತೋಟದಲ್ಲಿ ಹಾವು ಕಚ್ಚಿಸಿಕೊಂಡ ಕೃಷಿಕ. ಪತ್ರಿಕೆಗೆ ಸುದ್ದಿಯಾಗದ ಇಂಥ ತುರ್ತುಗಳೇ ಒಂದಲ್ಲ ಒಂದು ದಿನ ಪ್ರತಿಯೊಂದು ಮನೆಯ ಬಾಗಿಲನ್ನೂ ತಟ್ಟುತ್ತವೆ.

ಅಂಥ ಒಂದು ರಾತ್ರಿ ನಮ್ಮ ಮನೆಗೂ ಬಂದಿತ್ತು. ಎರಡು ವರ್ಷದ ಮಗಳಿಗೆ ಬೆಳಗಿನಿಂದ ಜ್ವರ. ರಾತ್ರಿ ಹತ್ತರ ಸುಮಾರಿಗೆ ಅವಳ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡು, ಮೈ ಸೆಟೆದು, ಕೈಕಾಲುಗಳು ಅದುರತೊಡಗಿದವು. ನನ್ನ ತಾಯಿ ಬೀಗದ ಕೈಗಳ ಗೊಂಚಲನ್ನು ಮಗುವಿನ ಮುಷ್ಟಿಯೊಳಗೆ ತುರುಕಿದರು. ನಾನು ಚಮಚವೊಂದನ್ನು ಅದರ ಹಲ್ಲುಗಳ ನಡುವೆ ಇಡಹೋದೆ. ಪತ್ನಿ ಅದನ್ನು ಕಿತ್ತು ಎಸೆದಳು. ಆಸ್ಪತ್ರೆಯನ್ನು ಮುಟ್ಟುವ ಹೊತ್ತಿಗೆ ಅದುರುವುದು ನಿಂತು ಮಗು ಅಳುತ್ತಿತ್ತು. ಕರ್ತವ್ಯದಲ್ಲಿದ್ದ ತರುಣ ವೈದ್ಯೆ ಮಗುವನ್ನು ಪರೀಕ್ಷಿಸುತ್ತಲೇ ಕೇಳಿದರು: “ಎಷ್ಟು ನಿಮಿಷ ಇತ್ತು ಸಾರ್?” “ಅರ್ಧ ಗಂಟೆ ಇರಬಹುದು” ಎಂದೆ ನಾನು. “ಎರಡು ಮೂರು ನಿಮಿಷ, ಡಾಕ್ಟ್ರೆ” ಎಂದಳು ಪತ್ನಿ. ಲೋಲಕದ ಆಂದೋಲನ ಕಾಲವನ್ನು ಅಳೆಯುವುದು ಹೇಗೆಂದು ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ಕಲಿಸುವ ನಾನು ಗೋಡೆಯ ಗಡಿಯಾರವನ್ನು ನೋಡಿರಲೇ ಇಲ್ಲ.

ಆ ವೈದ್ಯೆ ನನ್ನಿಂದ ರೋಗದ ಹೆಸರನ್ನು ಕೇಳಲಿಲ್ಲ. ಒಂದು ಅಳತೆಯನ್ನು ಕೇಳಿದರು. ಇದನ್ನು ಕುರಿತು ಯೋಚಿಸುತ್ತ ಹೋದಂತೆ, ತುರ್ತು ಚಿಕಿತ್ಸೆಯ ಮೊದಲ ಕೆಲವು ನಿಮಿಷಗಳೆಲ್ಲ ಅಳತೆಯ ನಿಮಿಷಗಳೇ ಎಂಬುದು ನನಗೆ ಮನವರಿಕೆಯಾಯಿತು. ವಾಚಕರನ್ನು ವೈದ್ಯರನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ವೈದ್ಯರು ಏನನ್ನು ಅಳೆಯುತ್ತಾರೆ, ಏಕೆ ಅಳೆಯುತ್ತಾರೆ ಎಂಬುದು ತಿಳಿದರೆ, ಬೆಳಗಿನವರೆಗೆ ಕಾಯಬಹುದಾದುದು ಯಾವುದು, ಒಂದು ನಿಮಿಷವೂ ಕಾಯಬಾರದುದು ಯಾವುದು ಎಂಬ ವಿವೇಕ ನಮಗೆ ಬರುತ್ತದೆ. ಒಮ್ಮೊಮ್ಮೆ ಪ್ರಾಣ ಉಳಿಯುವುದು ಈ ವಿವೇಕದಿಂದಲೇ.

ಹೆಸರಿಗಿಂತ ಮೊದಲು ಹರಿವು

ಹೊರರೋಗಿ ವಿಭಾಗದಲ್ಲಿ ವೈದ್ಯರು ಸಾವಧಾನವಾಗಿ ರೋಗಿಯ ಕಥೆಯನ್ನು ಕೇಳಿ, ಪರೀಕ್ಷಿಸಿ, ರೋಗಕ್ಕೊಂದು ಹೆಸರಿಟ್ಟು, ಅನಂತರ ಮದ್ದು ಬರೆಯುತ್ತಾರೆ. ತುರ್ತು ಕೊಠಡಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಮೊದಲ ಪ್ರಶ್ನೆ ‘ಇದು ಯಾವ ರೋಗ?’ ಎಂಬುದಲ್ಲ, ‘ಈ ಶರೀರದಲ್ಲಿ ಯಾವ ಹರಿವು ನಿಲ್ಲುತ್ತಿದೆ?’ ಎಂಬುದು. ಶರೀರದಲ್ಲಿ ಗಾಳಿ ಹರಿಯಬೇಕು, ರಕ್ತ ಹರಿಯಬೇಕು, ಆ ರಕ್ತದಲ್ಲಿ ಸಾಕಷ್ಟು ನೀರು ಇರಬೇಕು. ಈ ಮೂರೂ ಸರಿಯಾಗಿದ್ದರೆ ಮಿದುಳು ಎಚ್ಚರವಾಗಿರುತ್ತದೆ. ಗಾಳಿ ಸಂಪೂರ್ಣ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಆದುದರಿಂದ ಶ್ವಾಸಮಾರ್ಗಕ್ಕೆ ಮೊದಲ ಸ್ಥಾನ, ಉಸಿರಾಟಕ್ಕೆ ಎರಡನೆಯದು, ರಕ್ತಪರಿಚಲನೆಗೆ ಮೂರನೆಯದು. ತುರ್ತು ಕೊಠಡಿಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ ಇದು.

ರೋಗಿಗಳನ್ನು ನೋಡುವ ಸರದಿಯೂ ಹೀಗೆಯೇ ನಿರ್ಣಯವಾಗುತ್ತದೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ ಎಂಬವನು ಗಾಯಾಳುಗಳನ್ನು ಅವರ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆಗೆ ಎತ್ತಿಕೊಳ್ಳುತ್ತಿದ್ದ. ‘ನಾವು ಮೊದಲು ಬಂದೆವು, ಅವರನ್ನೇಕೆ ಮೊದಲು ಕರೆದಿರಿ?’ ಎಂದು ತುರ್ತು ಕೊಠಡಿಯಲ್ಲಿ ಜಗಳ ತೆಗೆಯುವವರು ಇದನ್ನು ನೆನಪಿಡಬೇಕು. ಅಲ್ಲಿ ಕಾಯಲು ಹೇಳಿಸಿಕೊಂಡವನೇ ಒಂದು ದೃಷ್ಟಿಯಿಂದ ಭಾಗ್ಯವಂತ.

ಗಾಳಿಯ ಹರಿವು

ಚಿಕ್ಕ ಮಕ್ಕಳಿಗೆ ನೆಗಡಿಯಾದಾಗ ಕೆಲವೊಮ್ಮೆ ಗಂಟಲಿನ ಕೆಳಗಿನ ಶ್ವಾಸಮಾರ್ಗ ಊದಿಕೊಂಡು, ನಾಯಿ ಬೊಗಳಿದಂಥ ಕೆಮ್ಮು ಬಂದು, ಉಸಿರು ಎಳೆದುಕೊಳ್ಳುವಾಗ ಕರ್ಕಶ ಶಬ್ದವಾಗುತ್ತದೆ. ಅಷ್ಟೇ ಊತ ದೊಡ್ಡವರಿಗೆ ಬಂದರೆ ಧ್ವನಿ ಒಡೆಯುವುದು, ಅಷ್ಟೆ. ಈ ವ್ಯತ್ಯಾಸಕ್ಕೆ ಕಾರಣ ಭೌತವಿಜ್ಞಾನದ ಒಂದು ನಿಯಮ. 1840ರ ಸುಮಾರಿಗೆ ಫ್ರಾನ್ಸಿನ ಪ್ವಾಸ್ಸೆ ಎಂಬವನು ಸಪೂರವಾದ ಗಾಜಿನ ನಳಿಗೆಗಳಲ್ಲಿ ದ್ರವಗಳು ಹರಿಯುವ ವೇಗವನ್ನು ಅಳೆದು ಇದನ್ನು ಕಂಡುಹಿಡಿದ. ಆತ ಸ್ವತಃ ವೈದ್ಯ. ರಕ್ತವು ಸೂಕ್ಷ್ಮ ನಾಳಗಳಲ್ಲಿ ಹರಿಯುವ ಬಗೆಯನ್ನು ತಿಳಿಯಹೊರಟವನು. ಒತ್ತಡ ಒಂದೇ ಆಗಿದ್ದರೆ ಹರಿವು ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದೇ ಆ ನಿಯಮ.

ಇದನ್ನು ಲೆಕ್ಕಕ್ಕೆ ಇಳಿಸೋಣ. ಕೂಸಿನ ಶ್ವಾಸಮಾರ್ಗದ ಅತಿ ಕಿರಿದಾದ ಭಾಗದ ವ್ಯಾಸ ಸುಮಾರು 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವ ವ್ಯಾಸ 2 ಮಿಲಿಮೀಟರ್. ತ್ರಿಜ್ಯ ಅರ್ಧವಾಯಿತು, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು. ದೊಡ್ಡವರಲ್ಲಿ 8 ಮಿಲಿಮೀಟರಿನ ದಾರಿ ಅದೇ ಊತದಿಂದ 6 ಮಿಲಿಮೀಟರ್ ಆದರೆ ಮೂರರಲ್ಲಿ ಒಂದು ಪಾಲು ಹರಿವು ಇನ್ನೂ ಉಳಿಯುತ್ತದೆ. ಮಗು ಹೆದರಿ ಅತ್ತರೆ ಗಾಳಿಯ ವೇಗ ಹೆಚ್ಚಿ, ನೇರವಾದ ಹರಿವು ಸುಳಿಸುಳಿಯಾಗಿ ಒಡೆದು, ತಡೆ ಮತ್ತಷ್ಟು ಏರುತ್ತದೆ. ಅನುಭವಿಗಳಾದ ವೈದ್ಯರು ಇಂಥ ಮಗುವನ್ನು ತಾಯಿಯ ಮಡಿಲಿನಲ್ಲಿಯೇ ಬಿಟ್ಟು, ಗಂಟಲಿಗೆ ಕಡ್ಡಿ ಹಾಕದೆ, ದೂರದಿಂದಲೇ ಪರೀಕ್ಷೆ ಆರಂಭಿಸುವುದರ ಗುಟ್ಟು ಇದು.

ಉಸಿರಾಟದ ತೊಂದರೆಯನ್ನು ಮನೆಯಲ್ಲಿ ಅಳೆಯಲು ಕೈಗಡಿಯಾರವೊಂದು ಸಾಕು. ಮಗು ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ ಒಂದು ಪೂರ್ಣ ನಿಮಿಷ ಉಸಿರುಗಳನ್ನು ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳಿದ್ದರೆ ಅದು ವೇಗದ ಉಸಿರಾಟ; ಕೆಮ್ಮಿರುವ ಮಗುವಿನಲ್ಲಿ ನ್ಯುಮೋನಿಯದ ಸೂಚನೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಕುಸಿಯುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಕಾಯಬಾರದು. ಆಸ್ತಮದ ರೋಗಿ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದೆ ಹೋದರೆ ಅದೂ ಅಪಾಯದ ಚಿಹ್ನೆ. ಸೂಂಯ್‌ಗುಟ್ಟುವ ಶಬ್ದ ನಿಂತಿತೆಂದು ಸಮಾಧಾನಪಡುವಂತಿಲ್ಲ. ಶಬ್ದ ಹೊರಡಿಸುವಷ್ಟು ಗಾಳಿಯೂ ಓಡಾಡದಿದ್ದಾಗ ಎದೆ ಮೌನವಾಗುತ್ತದೆ.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಪುಟ್ಟ ಚಿಮಟದಂಥ ಉಪಕರಣವನ್ನು ಎಲ್ಲರೂ ನೋಡಿರಬಹುದು. ಇದರೊಳಗೆ 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕೂ 940 ನ್ಯಾನೋಮೀಟರಿನ ಅವಕೆಂಪು ಬೆಳಕೂ ಉಂಟು. ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ ಕೆಂಪನ್ನು ಕಡಿಮೆ ಹೀರುತ್ತದೆ; ಆಮ್ಲಜನಕವಿಲ್ಲದುದು ಹೆಚ್ಚು ಹೀರುತ್ತದೆ. ನಾಡಿ ಬಡಿದಂತೆಲ್ಲ ಏರಿಳಿಯುವ ಬೆಳಕನ್ನು ಮಾತ್ರ ಆಯ್ದುಕೊಂಡರೆ ಚರ್ಮ, ಮೂಳೆಗಳ ಪಾಲನ್ನು ಬಿಟ್ಟು ಧಮನಿಯ ರಕ್ತದ ಪಾಲೊಂದೇ ಸಿಗುತ್ತದೆಂಬ ಜಾಣ ಉಪಾಯವನ್ನು 1970ರ ದಶಕದ ಆದಿಯಲ್ಲಿ ಹೂಡಿದವನು ಜಪಾನಿನ ಇಂಜಿನಿಯರ್ ತಾಕುವೊ ಅವೊಯಾಗಿ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 95ಕ್ಕಿಂತ ಮೇಲಿರುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಉಪಕರಣವು ತಪ್ಪು ಹೇಳಬಹುದು.

ನೆಲಗಡಲೆ, ನಾಣ್ಯ, ರಂಬುಟಾನಿನ ಬೀಜ ಇವು ಮಕ್ಕಳ ಶ್ವಾಸಮಾರ್ಗಕ್ಕೆ ಸಿಕ್ಕಿಕೊಳ್ಳುವ ವಸ್ತುಗಳು. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಿಗಿಂತ ಬಲವಾದ ಪಂಪು ಬೇರಿಲ್ಲ. ಧ್ವನಿ ನಿಂತರೆ ಮಾತ್ರ ಕೈಹಾಕಬೇಕು. ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ಭುಜದೆಲುಬುಗಳ ನಡುವೆ ಅಂಗೈಯಿಂದ 5 ಬಾರಿ ತಟ್ಟಿ, ಮತ್ತೆ ಅಂಗಾತ ಮಾಡಿ ಎದೆಯ ನಡುವನ್ನು 5 ಬಾರಿ ಒತ್ತಬೇಕು. ದೊಡ್ಡವರಿಗೂ ದೊಡ್ಡ ಮಕ್ಕಳಿಗೂ ಬೆನ್ನಿಗೆ 5 ಪೆಟ್ಟು, ಅನಂತರ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತುವುದು. ಎದೆಯೊಳಗಿನ ಒತ್ತಡ ಥಟ್ಟನೆ ಏರಿದಾಗ ಸಿಕ್ಕಿದ ವಸ್ತು ಸೀಸೆಯ ಬಿರಡೆಯಂತೆ ಹಾರುತ್ತದೆ. ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳಾಡಿಸಿದರೆ ಅದು ಇನ್ನೂ ಆಳಕ್ಕೆ ಹೋದೀತು.

ರಕ್ತದ ಹರಿವು

ನಮ್ಮ ಕಡೆಯ ಮನೆಗಳಲ್ಲಿ ಎದೆನೋವಿಗೆ ಇರುವ ಹೆಸರು ಒಂದೇ: ‘ಗ್ಯಾಸ್’. ಸೋಡ ಕುಡಿದು, ಜೀರಿಗೆ ಕಷಾಯ ಕುಡಿದು, ಬೆನ್ನು ನೀವಿಸಿಕೊಂಡು ಬೆಳಗಾಗುವುದನ್ನು ಕಾಯುತ್ತಾರೆ. ಬಹಳ ಸಲ ಅದು ನಿಜವಾಗಿಯೂ ವಾಯುವೇ ಆಗಿರುತ್ತದೆ. ಆದುದರಿಂದಲೇ ಈ ಹೆಸರು ಅಪಾಯಕಾರಿ. ಎದೆಯ ನಡುವೆ ಭಾರ ಹೇರಿದಂಥ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು, ಇವು ಹೃದಯಾಘಾತದ ಲಕ್ಷಣಗಳು. ಸಿಹಿಮೂತ್ರ ರೋಗವುಳ್ಳವರಲ್ಲೂ ಹೆಂಗಸರಲ್ಲೂ ವೃದ್ಧರಲ್ಲೂ ನೋವೇ ಇಲ್ಲದೆ ಬರಿಯ ಸುಸ್ತು, ವಾಂತಿ, ಉಸಿರುಗಟ್ಟುವಿಕೆಯಷ್ಟೇ ಇರಬಹುದು.

ಹೃದಯಕ್ಕೆ ರಕ್ತ ಒಯ್ಯುವ ಧಮನಿಗಳಿಗೂ ಪ್ವಾಸ್ಸೆಯ ನಿಯಮವೇ ಅನ್ವಯಿಸುತ್ತದೆ. ಗೋಡೆಯಲ್ಲಿ ಕೊಬ್ಬು ಸೇರಿ ಕಿರಿದಾದ ಧಮನಿಯಲ್ಲಿ ಒಂದು ದಿನ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ, ಅದರಾಚೆಯ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಹೊರಗಿನಿಂದ ನೋಡಿ ಇದನ್ನು ನಿರ್ಣಯಿಸಲಾಗದು, ಅಳೆಯಲೇಬೇಕು. ಅಳೆಯುವ ಉಪಕರಣವು ನಮ್ಮ ಪ್ರಯೋಗಾಲಯದ ಗ್ಯಾಲ್ವನೋಮೀಟರಿನ ಸಂತತಿಯೇ. ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಯಸ್ಕಾಂತದ ಧ್ರುವಗಳ ನಡುವೆ ಅತಿ ಸಪೂರವಾದ ತಂತಿಯೊಂದನ್ನು ಬಿಗಿದು, ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ, ಹೃದಯದ ವಿದ್ಯುತ್ತಿನಿಂದ ತಂತಿ ಅಲುಗುವುದನ್ನು ಚಿತ್ರಿಸಿಕೊಂಡ. 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಇಂದಿನ ಇ.ಸಿ.ಜಿ. ಕಾಗದವು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸರಿಯುತ್ತದೆ. ಅದರ ಮೇಲೆ 10 ಮಿಲಿಮೀಟರ್ ಎತ್ತರವೆಂದರೆ ಒಂದು ಮಿಲಿವೋಲ್ಟ್. ಎದೆನೋವಿನವರು ಬಂದ 10 ನಿಮಿಷದೊಳಗೆ ಈ ಚಿತ್ರ ವೈದ್ಯರ ಕೈಯಲ್ಲಿರಬೇಕೆಂಬುದು ಇಂದಿನ ನಿಯಮ. ಮೊದಲ ಚಿತ್ರ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲವೆಂದೂ ಹೇಳುವಂತಿಲ್ಲ. ಆದುದರಿಂದಲೇ ಮತ್ತೆ ಚಿತ್ರ ತೆಗೆಯುತ್ತಾರೆ, ರಕ್ತ ಪರೀಕ್ಷಿಸುತ್ತಾರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದಾಗಲಿ, ಧಮನಿಯೊಳಗೆ ಪುಗ್ಗೆ ಹಾಯಿಸಿ ದಾರಿ ಬಿಡಿಸುವುದಾಗಲಿ, ಎಷ್ಟು ಬೇಗನೆ ಆಯಿತೋ ಅಷ್ಟು ಸ್ನಾಯು ಉಳಿಯುತ್ತದೆ.

ಹಳ್ಳಿಯಲ್ಲಿ ಹೃದ್ರೋಗತಜ್ಞರು ಎಲ್ಲಿಂದ ಬರಬೇಕು? ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಇದಕ್ಕೊಂದು ಸರಳವಾದ ದಾರಿ ಹಿಡಿದರು. ಹಳ್ಳಿಗಳ ಚಿಕಿತ್ಸಾಲಯಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿಯ ವೈದ್ಯರು ಚಿತ್ರದ ಪ್ರತಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ತಜ್ಞರು ಕೂಡಲೇ ನೋಡಿ ಉತ್ತರಿಸುವ ವ್ಯವಸ್ಥೆ ಇದು. ರೋಗಿ ದಾರಿ ಸಾಗುವುದಕ್ಕೆ ಮೊದಲೇ ಅವನ ಹೃದಯದ ರೇಖೆ ತಜ್ಞರನ್ನು ಮುಟ್ಟಿರುತ್ತದೆ. ತಾಲೂಕು ಆಸ್ಪತ್ರೆಯ ಚಿತ್ರವನ್ನು ದೂರದ ತಜ್ಞರು ಓದಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ಅನಂತರ ಕರ್ನಾಟಕ ಸರಕಾರವೂ ಕೈಗೊಂಡಿದೆ.

ಮಿದುಳಿನ ಧಮನಿ ಮುಚ್ಚಿದರೆ ಆಗುವುದು ಪಾರ್ಶ್ವವಾಯು. ಮುಖ ಒಂದು ಕಡೆಗೆ ಜಗ್ಗಿದೆಯೆ, ಎತ್ತಿ ಹಿಡಿದ ಎರಡು ಕೈಗಳಲ್ಲಿ ಒಂದು ಜಾರುತ್ತದೆಯೆ, ಮಾತು ತೊದಲುತ್ತದೆಯೆ ಎಂಬ ಮೂರು ಪರೀಕ್ಷೆಗಳನ್ನು ಮನೆಯಲ್ಲಿ ಯಾರೂ ಮಾಡಬಹುದು. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಧಮನಿ ಮುಚ್ಚಿದರೂ, ಒಡೆದು ರಕ್ತ ಸೋರಿದರೂ ಹೊರಲಕ್ಷಣಗಳು ಒಂದೇ, ಚಿಕಿತ್ಸೆಗಳೋ ತದ್ವಿರುದ್ಧ. ಕ್ಷಕಿರಣಗಳಿಂದ ತಲೆಯ ಅಡ್ಡಕೊಯ್ತದ ಚಿತ್ರ ತೆಗೆಯುವ ಸಿ.ಟಿ. ಯಂತ್ರವೇ ಇದನ್ನು ಬೇರ್ಪಡಿಸಿ ತೋರಿಸಬೇಕು. ಆದುದರಿಂದ ಪಾರ್ಶ್ವವಾಯುವಿನ ರೋಗಿಗೆ ಮನೆಯಲ್ಲಿ ಯಾವ ಗುಳಿಗೆಯನ್ನೂ ನುಂಗಿಸಬಾರದು. ಲಕ್ಷಣ ಮೊದಲು ಕಂಡ ಗಂಟೆಯನ್ನು ಬರೆದುಕೊಂಡು, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ವೈದ್ಯರು ಮೊದಲು ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡುತ್ತಾರೆ. ಸಕ್ಕರೆ ಇಳಿದಾಗಲೂ ಇಂಥವೇ ಲಕ್ಷಣಗಳು ಬರಬಹುದು. ಅದು ಗ್ಲೂಕೋಸಿನಿಂದ ಗುಣವಾಗುವಂಥದು.

ನೀರಿನ ಲೆಕ್ಕ

ಹತ್ತು ಕಿಲೋಗ್ರಾಂ ತೂಕದ ಮಗುವೂ ಅರವತ್ತು ಕಿಲೋಗ್ರಾಂ ತೂಕದ ತಂದೆಯೂ ಒಂದೇ ದಿನ ಭೇದಿಯಿಂದ ತಲಾ ಒಂದು ಲೀಟರ್ ನೀರು ಕಳೆದುಕೊಂಡರೆನ್ನೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ತಂದೆ ಕಳೆದುಕೊಂಡುದು ನೂರಕ್ಕೆ ಎರಡಕ್ಕಿಂತ ಕಡಿಮೆ, ಅವನಿಗೆ ಬಾಯಾರಿಕೆಯಾದೀತು. ಮಗು ಕಳೆದುಕೊಂಡುದು ನೂರಕ್ಕೆ ಹತ್ತು. ಅದು ಪ್ರಾಣಾಪಾಯದ ಗಡಿ. ‘ನಮಗೂ ಅದೇ ಭೇದಿ, ನಾವು ಓಡಾಡಿಕೊಂಡಿದ್ದೇವಲ್ಲ’ ಎಂಬ ಮಾತಿನ ದೋಷ ಇಲ್ಲಿದೆ. ಕಣ್ಣು ಗುಳಿಬಿದ್ದಿದೆಯೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಕೂಡಲೇ ಸಮವಾಗದೆ ನಿಧಾನಿಸುತ್ತದೆಯೆ, ಮೂತ್ರ ಕಡಿಮೆಯಾಗಿದೆಯೆ, ಮಗು ಮಂಕಾಗಿದೆಯೆ ಎಂದು ವೈದ್ಯರು ನೋಡುತ್ತಾರೆ. ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಮಾಯವಾಗಿ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಪರಿಚಲನೆ ಸೊರಗಿದೆ ಎಂದು ಅರ್ಥ.

ಇದಕ್ಕೆ ಪರಿಹಾರ ಅಗ್ಗವಾದುದು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳದ ಮೂಲಕ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನೋಬಿಸರು ಉಪ್ಪು, ಗ್ಲೂಕೋಸ್, ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಯ ಮೂಲಕವೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುವ ಬಾಗಿಲುಗಳಿವೆ; ಅವು ಒಳಹೋದರೆ ಪರಾಸರಣದಿಂದ ನೀರೂ ಹಿಂಬಾಲಿಸುತ್ತದೆ. ಭೇದಿಯಲ್ಲೂ ಈ ಬಾಗಿಲು ಕೆಡುವುದಿಲ್ಲ. ಈಗಿನ ಓ.ಆರ್.ಎಸ್. ಪೊಟ್ಟಣದ ಲೆಕ್ಕ ಒಂದು ಲೀಟರಿಗೆ ಇಷ್ಟು: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಕ್ಕರೆ ಅತಿಯಾದರೆ ಅದೇ ಪರಾಸರಣವು ನೀರನ್ನು ಶರೀರದಿಂದ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸಕ್ಕರೆ ತುಂಬಿದ ಪಾನೀಯಗಳ ಮೇಲೆ ‘ಓ.ಆರ್.ಎಸ್.’ ಎಂದು ಮುದ್ರಿಸಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಆಜ್ಞೆ ಮಾಡಿದುದು ಇದರಿಂದಲೇ. ಒಂದು ಲೀಟರಿನ ಪೊಟ್ಟಣವೂ 200 ಮಿಲಿಲೀಟರಿನ ಪೊಟ್ಟಣವೂ ಅಂಗಡಿಯಲ್ಲಿ ಉಂಟು. ಯಾವುದೆಂದು ಓದಿ ನೀರು ಅಳೆಯಬೇಕು. ವಾಂತಿ ಮಾಡುವ ಮಗುವಿಗೆ ಚಮಚ ಚಮಚವಾಗಿ ಕುಡಿಸಬೇಕು, ಎದೆಹಾಲನ್ನು ನಿಲ್ಲಿಸಬಾರದು.

ಶಾಖ

ಜ್ವರದ ಅಂಕಿ ತಾಯಂದಿರನ್ನು ಹೆದರಿಸುತ್ತದೆ. ವೈದ್ಯರಾದರೋ ಅಂಕಿಗಿಂತ ಹೆಚ್ಚಾಗಿ ಮಗುವನ್ನು ನೋಡುತ್ತಾರೆ. 103 ಡಿಗ್ರಿಯಲ್ಲೂ ಆಟವಾಡುವ ಮಗುವಿಗಿಂತ 101ರಲ್ಲಿ ಕುಡಿಯಲಾರದೆ, ಎಚ್ಚರಗೊಳ್ಳಲಾರದೆ ಮಲಗಿರುವ ಮಗು ಹೆಚ್ಚು ಅಪಾಯದಲ್ಲಿದೆ. ಮೂರು ತಿಂಗಳೊಳಗಿನ ಕೂಸಿಗೆ ಮಾತ್ರ 100.4 ಡಿಗ್ರಿ ಮುಟ್ಟಿದರೂ ಆಸ್ಪತ್ರೆಗೇ ಹೋಗಬೇಕು.

ನಮ್ಮ ಮಗಳಿಗೆ ಆದುದು ಜ್ವರದ ಸೆಳವು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಇದು ಬರುತ್ತದೆ. ಬಹುತೇಕ ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿದರೆ ಜೊಲ್ಲು ಹೊರಕ್ಕೆ ಹರಿದು ಶ್ವಾಸಮಾರ್ಗ ತೆರೆದಿರುತ್ತದೆ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಕೂಡದು. ಕೈಗೆ ಕೊಟ್ಟ ಕಬ್ಬಿಣಕ್ಕೂ ಸೆಳವು ನಿಲ್ಲುವುದಕ್ಕೂ ಸಂಬಂಧವಿಲ್ಲ. ಎರಡು ನಿಮಿಷದಲ್ಲಿ ತಾನೇ ನಿಲ್ಲುವುದನ್ನು ಕಬ್ಬಿಣ ನಿಲ್ಲಿಸಿತೆಂದು ನಂಬುವುದು ಸುಲಭ. ಗಡಿಯಾರವನ್ನು ನೋಡಬೇಕಾದುದು ಏಕೆ? ಐದು ನಿಮಿಷ ದಾಟಿದ ಸೆಳವು ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತದೆ; ಆಗ ಮದ್ದಿನಿಂದ ನಿಲ್ಲಿಸಬೇಕು. ಮೊದಲ ಸಲದ ಸೆಳವಾದರೆ ನಿಂತ ಮೇಲೂ ಮಗುವನ್ನು ವೈದ್ಯರಿಗೆ ತೋರಿಸಬೇಕು. ಕತ್ತು ಬಿಗಿದಿದ್ದರೆ, ಮಗು ಮತ್ತೆ ಎಚ್ಚರಗೊಳ್ಳದಿದ್ದರೆ, ಮಿದುಳಿನ ಪೊರೆಯ ಸೋಂಕು ಇರಬಹುದು. ಆ ತರುಣ ವೈದ್ಯೆ ಕೇಳಿದ ಒಂದು ಪ್ರಶ್ನೆಯ ಹಿಂದೆ ಇಷ್ಟೆಲ್ಲ ಇತ್ತು.

ಬಚ್ಚಲಿನ ಹಂಡೆಯ ಬಿಸಿನೀರು, ಕುದಿಯುವ ಗಂಜಿ ಇವುಗಳಿಂದಾಗುವ ಸುಟ್ಟಗಾಯವೂ ಶಾಖದ ಕಥೆಯೇ. ಬಿಸಿನೀರು ಜಾರಿಹೋದ ಮೇಲೂ ಚರ್ಮದಲ್ಲಿ ಸೇರಿದ ಶಾಖವು ವಹನದಿಂದ ಒಳಗಿಳಿಯುತ್ತಲೇ ಇರುತ್ತದೆ. ಕೂಡಲೇ ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಟ್ಟರೆ ಆ ಶಾಖ ಹೊರಬರುತ್ತದೆ. ಹಲ್ಲುಜ್ಜುವ ಪೇಸ್ಟು, ಬೆಣ್ಣೆ, ಶಾಯಿ ಶಾಖವನ್ನು ಒಯ್ಯಲಾರವು. ಮಂಜುಗಡ್ಡೆಯೋ ರಕ್ತನಾಳಗಳನ್ನು ಸಂಕೋಚಗೊಳಿಸಿ ಗಾಯವನ್ನು ಕೆಡಿಸುತ್ತದೆ.

ಹಾವಿನ ಹೆಸರು ಬೇಡ

ಹೆಸರಿಗಿಂತ ಹರಿವು ಮುಖ್ಯವೆಂಬುದಕ್ಕೆ ಹಾವಿನ ಕಡಿತ ಒಳ್ಳೆಯ ನಿದರ್ಶನ. ಕಚ್ಚಿದ ಹಾವನ್ನು ಹುಡುಕಿ ಕೊಂದು ತರಲು ಹೋಗಿ ಸಮಯವನ್ನೂ, ಕೆಲವೊಮ್ಮೆ ಇನ್ನೊಬ್ಬನನ್ನೂ ಕಳೆದುಕೊಳ್ಳುವುದುಂಟು. ವೈದ್ಯರಿಗೆ ಹಾವು ಬೇಕಿಲ್ಲ. ನಾಗರಹಾವು, ಕಟ್ಟಹಾವುಗಳ ವಿಷವು ನರಗಳ ಆಜ್ಞೆ ಸ್ನಾಯುಗಳನ್ನು ಮುಟ್ಟದಂತೆ ಮಾಡುತ್ತದೆ. ಮೊದಲು ರೆಪ್ಪೆಗಳು ಜೋಲುತ್ತವೆ, ಕೊನೆಗೆ ಗಾಳಿಯ ಹರಿವು ನಿಲ್ಲುತ್ತದೆ. ಕೊಳಕುಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಇದನ್ನು ಕಂಡುಹಿಡಿಯುವ ಪರೀಕ್ಷೆಗೆ ಬೇಕಾದುದು ಒಂದು ಒಣಗಿದ ಶುಭ್ರ ಗಾಜಿನ ಪ್ರನಾಳ ಮಾತ್ರ. ಅದರಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆಮಾಡಬೇಕು. ರಕ್ತ ಇನ್ನೂ ದ್ರವವಾಗಿಯೇ ಹರಿದರೆ ಪ್ರತಿವಿಷ ಬೇಕೆಂದು ಅರ್ಥ. ಕಟ್ಟಹಾವು ರಾತ್ರಿ ಮಲಗಿದವರನ್ನು ನೋವೇ ಇಲ್ಲದಂತೆ ಕಚ್ಚಬಹುದು. ಆದುದರಿಂದ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವಿನೊಡನೆ ರೆಪ್ಪೆ ಜೋತರೆ ವೈದ್ಯರು ಹಾವನ್ನು ಸಂಶಯಿಸುತ್ತಾರೆ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಇವೆಲ್ಲ ಹಾನಿಕರ. ಮುರಿದ ಎಲುಬಿಗೆ ಮಾಡುವಂತೆ ಅಂಗವನ್ನು ಅಲುಗದಂತೆ ಕಟ್ಟಿ, ರೋಗಿಯನ್ನು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ 2024ರಿಂದ ಪ್ರತಿಯೊಂದು ಹಾವಿನ ಕಡಿತವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಬೇಕಾಗಿದೆ.

ದಾರಿಯೂ ಗಡಿಯಾರವೂ

2021ರ ಜೂನಿನಲ್ಲಿ ಮರವೂರಿನ ಸೇತುವೆ ಕುಸಿದು ಕೆಲವು ವಾರ ಸಂಚಾರ ನಿಂತಾಗ, ಬಜಪೆಯವರು ಮಂಗಳೂರಿಗೆ ಗುರುಪುರ ಕೈಕಂಬದ ಕಡೆಯಿಂದಲೋ ಜೋಕಟ್ಟೆಯ ಕಡೆಯಿಂದಲೋ ಸುತ್ತಿ ಹೋಗಬೇಕಾಯಿತು. ನಕ್ಷೆಯಲ್ಲಿ ಆಸ್ಪತ್ರೆಗಳು ಇದ್ದಲ್ಲಿಯೇ ಇದ್ದವು; ಗಡಿಯಾರದ ಲೆಕ್ಕದಲ್ಲಿ ದೂರ ಸರಿದಿದ್ದವು. ತುರ್ತಿನಲ್ಲಿ ದೂರವನ್ನು ಮೈಲಿಯಿಂದ ಅಳೆಯಬಾರದು, ನಿಮಿಷಗಳಿಂದ ಅಳೆಯಬೇಕು. ದಾರಿಯ ನಿಮಿಷಗಳನ್ನು ಕಡಮೆ ಮಾಡುವುದು ಸರಕಾರದ ಕೆಲಸ. ರಾಜ್ಯದಲ್ಲಿ 2008ರಿಂದ 108ರ ಉಚಿತ ಅಂಬುಲೆನ್ಸ್ ಇರುವುದು ಇದಕ್ಕಾಗಿಯೇ. ಆದರೆ ಹೊರಡಲೋ ಬೇಡವೋ ಎಂದು ಮನೆಯ ಜಗಲಿಯಲ್ಲಿ ಕಳೆಯುವ ನಿಮಿಷಗಳನ್ನು ಕಡಮೆ ಮಾಡಬಲ್ಲವರು ನಾವೇ.

ವಿದ್ಯಾರ್ಥಿಗಳಾದ ನೀವು ಇದರಲ್ಲಿ ಮಾಡಬಹುದಾದುದು ಅಲ್ಪವಲ್ಲ. ಮನೆಯಲ್ಲಿ ಎಲ್ಲರೂ ಗಾಬರಿಯಾದಾಗ ಒಬ್ಬರಾದರೂ ಗಡಿಯಾರವನ್ನು ನೋಡಬೇಕು; ಉಸಿರನ್ನು ಎಣಿಸಬೇಕು; ಲಕ್ಷಣ ಆರಂಭವಾದ ಹೊತ್ತನ್ನೂ, ತೆಗೆದುಕೊಂಡ ಮದ್ದುಗಳ ಹೆಸರನ್ನೂ, ಮಗುವಿನ ತೂಕವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮಕ್ಕಳ ಮದ್ದಿನ ಪ್ರಮಾಣವೆಲ್ಲ ತೂಕವನ್ನೇ ಅವಲಂಬಿಸಿದೆ. ನಮ್ಮ ಮನೆಯ ಗೋಡೆಯ ಗಡಿಯಾರದ ಕೆಳಗೆ ಈಗ ಒಂದು ಪೆನ್ಸಿಲು, ಒಂದು ಹಾಳೆ ತೂಗುತ್ತಿವೆ. ಕಳೆದ ಮಳೆಗಾಲದಲ್ಲಿ ಮಗಳಿಗೆ ಇನ್ನೊಮ್ಮೆ ಸೆಳವು ಬಂತು. ನನ್ನ ತಾಯಿ ಬೀಗದ ಕೈಗಳನ್ನು ಹುಡುಕಲಿಲ್ಲ. ಅವಳನ್ನು ಪಕ್ಕಕ್ಕೆ ಮಲಗಿಸಿ, “ಗಂಟೆ ನೋಡು ಮಗಾ” ಎಂದರು. ಎರಡು ನಿಮಿಷ ಹತ್ತು ಸೆಕೆಂಡು.